ಅಲ್ಯೂಮಿನಿಯಂ ನಾಬ್: ಹೊಳಪು ಟೂಲ್‌ನಿಂದಲೇ ಬರಬೇಕು

ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರ್‌ಗೆ ಒಂದು ವಾಲ್ಯೂಮ್ ನಾಬ್ ಬೇಕಿತ್ತು. ವ್ಯಾಸ 38 ಮಿ.ಮೀ., ಉದ್ದ 22 ಮಿ.ಮೀ., ಹಿಂದಿನಿಂದ 6 ಮಿ.ಮೀ. ತೂತು, ಪಕ್ಕದಲ್ಲಿ ನಾಬನ್ನು ಬಿಗಿಯಲು ಒಂದು ಎಂ4 ಗ್ರಬ್ ಸ್ಕ್ರೂ, ಅಂದರೆ ತಲೆಯಿಲ್ಲದ 4 ಮಿ.ಮೀ. ಸ್ಕ್ರೂ. ಲೇತ್ ಕೆಲಸದಲ್ಲಿ ಇದಕ್ಕಿಂತ ಸರಳ ಆಕಾರ ಇಲ್ಲ. ಆದರೆ ನಾಬ್ ಪೂರ್ತಿ ಕಣ್ಣಿಗೆ ಬೀಳುವ ವಸ್ತು, ದಿನಾ ಬೆರಳು ತಾಗುವ ವಸ್ತು. ಅಳತೆಯಲ್ಲಿ ಒಂದೆರಡು ಪಾಯಿಂಟ್ ಹೆಚ್ಚುಕಮ್ಮಿ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಮೈಮೇಲೆ ಒಂದು ಗೀರು ಉಳಿದರೆ ಎಲ್ಲರಿಗೂ ಕಾಣುತ್ತದೆ.

ಅಲ್ಯೂಮಿನಿಯಂ ಹೊಳೆಯಬೇಕು ಅಂದ ಕೂಡಲೇ ತುಂಬಾ ಜನ ಎಮರಿ ಪೇಪರ್ ಕೈಗೆತ್ತಿಕೊಳ್ಳುತ್ತಾರೆ. ನನಗೆ ಅದು ಇಷ್ಟವಿಲ್ಲ. ಪೇಪರ್ ಹಾಕಿದರೆ ಚೂಪಾಗಿರಬೇಕಾದ ಅಂಚು ದುಂಡಾಗುತ್ತದೆ. ಟೂಲ್ ಕಿತ್ತ ಗುಳಿಗಳು ಹಾಗೇ ಉಳಿದು, ಅವುಗಳ ಸುತ್ತ ಮಾತ್ರ ಹೊಳಪು ಬರುತ್ತದೆ. ಅನೋಡೈಸಿಂಗ್ (ವಿದ್ಯುತ್‌ನಿಂದ ಮೈಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸುವುದು) ಮಾಡಿಸಿದ ಮೇಲೆ ಆ ಗುಳಿಗಳು ಎದ್ದು ಕಾಣುತ್ತವೆ. ಟೂಲ್ ಬಿಟ್ಟು ಹೋದ ಮೈಯೇ ಕೊನೆಯ ಮೈ ಆಗಬೇಕು ಅಂತ ಈ ಕೆಲಸಕ್ಕೆ ಇಳಿದೆ.

ನನ್ನದು 7 ಬೈ 14 ಮಿನಿ ಲೇತ್, ಅಂದರೆ 7 ಇಂಚು ವ್ಯಾಸ, 14 ಇಂಚು ಉದ್ದದವರೆಗಿನ ಜಾಬ್ (ಕಡಿಯುವ ತುಂಡು) ಹಿಡಿಯುವಂಥದ್ದು. ಬ್ರಶ್ ಇರುವ ಡಿಸಿ ಮೋಟಾರ್, 2500 ಆರ್‌ಪಿಎಂವರೆಗೂ ತಿರುಗಿಸಿ ಹೊಂದಿಸಬಹುದಾದ ವೇಗ, ಟೂಲ್ ಹೊತ್ತ ಕ್ಯಾರೇಜನ್ನು ಉದ್ದಕ್ಕೆ ಸರಿಸುವ 1.5 ಮಿ.ಮೀ. ಪಿಚ್‌ನ ಲೀಡ್ ಸ್ಕ್ರೂ. ವರ್ಕ್‌ಶಾಪಿನ ದೊಡ್ಡ ಲೇತ್ ತನ್ನ ತೂಕದಿಂದಲೇ ಅದುರನ್ನು ನುಂಗಿಬಿಡುತ್ತದೆ. ಇಲ್ಲಿ ಆ ಭಾಗ್ಯ ಇಲ್ಲ. ಆದರೂ ಅಲ್ಯೂಮಿನಿಯಂ ಮೆತ್ತನೆಯ ಲೋಹ, ಕಡಿಯಲು ಹೆಚ್ಚು ಬಲ ಬೇಡ. ಹಾಗಾಗಿ ಸಣ್ಣ ಲೇತಿನಲ್ಲೂ ಒಳ್ಳೆಯ ಫಿನಿಶ್ ತೆಗೆಯಲು ಸಾಧ್ಯ.

ಯಾವ ರಾಡ್

ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಅಲ್ಯೂಮಿನಿಯಂ ರಾಡ್ ತೂಕದ ಲೆಕ್ಕದಲ್ಲಿ ಸಿಗುತ್ತದೆ. 40 ಮಿ.ಮೀ. ರಾಡ್ 100 ಮಿ.ಮೀ. ಉದ್ದ ಕೊಯ್ಯಿಸಿದರೆ ಸುಮಾರು 340 ಗ್ರಾಂ ಬರುತ್ತದೆ. ವ್ಯಾಪಾರದಲ್ಲಿ ಎಚ್‌ಇ9, ಎಚ್‌ಇ30 ಅನ್ನುವ ಹಳೆಯ ಹೆಸರುಗಳೇ ಇನ್ನೂ ಓಡುತ್ತಿವೆ. ಎಚ್‌ಇ9 ಅಂದರೆ 6063, ಕಿಟಕಿ ಬಾಗಿಲಿನ ಸೆಕ್ಷನ್‌ಗಳು ಆಗುವ ಜಾತಿ. ಅದಕ್ಕೆ ಅನೋಡೈಸಿಂಗ್ ತುಂಬಾ ಚೆನ್ನಾಗಿ ಕೂರುತ್ತದೆ, ಆದರೆ ಲೇತ್ ಮೇಲೆ ಅಂಟಂಟು. ಎಚ್‌ಇ30 ಅಂದರೆ 6082. ಟಿ6 ಹದದ ಎಚ್‌ಇ30 ಸಾಕಷ್ಟು ಗಟ್ಟಿ, ಮೈ ಸ್ವಚ್ಛವಾಗಿ ಬಿಟ್ಟುಕೊಡುತ್ತದೆ. 6061 ಟಿ6 ಸಿಕ್ಕರೂ ಅಷ್ಟೇ ಒಳ್ಳೆಯದು. ತಾಮ್ರ ಬೆರೆತ 2014 ಇನ್ನೂ ಚೆನ್ನಾಗಿ ಟರ್ನ್ ಆಗುತ್ತದೆ, ಆದರೆ ಗಾಳಿ ತೇವಕ್ಕೆ ಬೇಗ ಮಂಕಾಗುತ್ತದೆ, ಅನೋಡೈಸಿಂಗೂ ಅಷ್ಟಕ್ಕಷ್ಟೇ. ನಾಬ್‌ಗೆ ಅದು ಬೇಡ. ಬರೀ ಶುದ್ಧ ಅಲ್ಯೂಮಿನಿಯಂ ರಾಡ್ ಅಂತೂ ಬೇಡವೇ ಬೇಡ.

ಗುಜರಿ ತುಂಡು ತಂದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ನೋಡಿ. ಹಲ್ಲುಗಳ ಸಂದಿಯಲ್ಲಿ ಲೋಹ ಮೆತ್ತಿಕೊಂಡು ಬ್ಲೇಡ್ ಜಾರತೊಡಗಿದರೆ ಅದು ಮೆತ್ತನೆಯ ಜಾತಿ. ಪುಡಿ ಪುಡಿಯಾಗಿ ಉದುರಿದರೆ ಕೆಲಸಕ್ಕೆ ಬರುತ್ತದೆ. ಕೊಯ್ದ ಮುಖದಲ್ಲಿ ಸೂಜಿಮೊನೆಯಷ್ಟು ತೂತುಗಳು ಕಂಡರೆ ಅದು ಎರಕದ ತುಂಡು. ಅದರಲ್ಲಿ ಎಷ್ಟು ಒದ್ದಾಡಿದರೂ ಒಳ್ಳೆಯ ಮೈ ಸಿಗುವುದಿಲ್ಲ.

ಮೊದಲು ಗುರುತು ಓದುವುದು

ಮೆಷಿನ್ ಜೊತೆ ಬಂದಿದ್ದ ಬ್ರೇಜ್ ಮಾಡಿದ ಕಾರ್ಬೈಡ್ ಟೂಲಿನಲ್ಲೇ ಒಂದು ಕಟ್ ಹಾಕಿದೆ. ವರ್ಕ್‌ಶಾಪ್‌ಗಳಲ್ಲಿ ಇದನ್ನೇ ವಿಡಿಯಾ ಟೂಲ್ ಅನ್ನುತ್ತಾರೆ. 600 ಆರ್‌ಪಿಎಂ, 0.25 ಮಿ.ಮೀ. ಆಳ, ಆಟೋ ಫೀಡ್ (ಟೂಲ್ ತಾನಾಗಿ ಮುಂದೆ ಸರಿಯುವುದು), ಎಣ್ಣೆ ಏನೂ ಇಲ್ಲ. ಇದು ಬರೀ ಹೋಲಿಕೆಗೆ ಹಾಕಿದ ಕಟ್. ಮೈ ಬೂದು ಬಣ್ಣಕ್ಕಿತ್ತು. ಉಗುರು ಎಳೆದರೆ ಗರಗರ.

ಇಲ್ಲಿ ಅವಸರದಿಂದ ಟೂಲ್ ಬದಲಾಯಿಸಬಾರದು. ಗುರುತು ನೋಡಿದರೆ ಕಾಯಿಲೆ ಯಾವುದು ಅಂತ ತಿಳಿಯುತ್ತದೆ. ಒಂದು ಟಾರ್ಚ್ ಅನ್ನು ಓರೆಯಾಗಿ ಹಿಡಿದು, ವಾಚ್ ರಿಪೇರಿಯವರು ಬಳಸುವ 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದೆ. ಅಡ್ಡಾದಿಡ್ಡಿಯಾಗಿ ಹರಿದ, ಚಿಕ್ಕ ಹೊಪ್ಪಳೆ ಎದ್ದಂಥ ಗುರುತುಗಳಿದ್ದರೆ ಲೋಹ ಟೂಲ್ ತುದಿಗೆ ಅಂಟುತ್ತಿದೆ ಅಂತ ಅರ್ಥ. ಸಣ್ಣ ಥ್ರೆಡ್ ಹಾಕಿದಂತೆ ಸಮನಾದ ಗೆರೆಗಳಿದ್ದರೆ ಅದು ಫೀಡ್‌ನ ಗುರುತು. ಓರೆಯಾದ ಅಲೆಗಳಿದ್ದು, ಕಟ್ ಆಗುವಾಗ ಕಿರ್ ಅಂತ ಸದ್ದೂ ಬಂದಿದ್ದರೆ ಅದು ಅದುರು, ಅಂದರೆ ಚ್ಯಾಟರ್. ಇನ್ನೊಂದಿದೆ: ಮಂಕು, ಹೊಳಪು, ಮಂಕು, ಹೊಳಪು ಅಂತ ಪಟ್ಟೆಗಳು. ಆಗ ಸ್ಕೇಲ್ ಇಟ್ಟು ಪಟ್ಟೆಯಿಂದ ಪಟ್ಟೆಗೆ ಅಳೆಯಿರಿ. ನನ್ನ ಜಾಬ್ ಮೇಲೆ ಅದು ಸರಿಯಾಗಿ 1.5 ಮಿ.ಮೀ. ಇತ್ತು. ಅದು ಲೀಡ್ ಸ್ಕ್ರೂ ಪಿಚ್ ಅಲ್ವಾ? ಹಾಗಾದರೆ ಸ್ಕ್ರೂ ಒಂದು ಸುತ್ತು ಬಂದಾಗಲೆಲ್ಲ ಕ್ಯಾರೇಜನ್ನು ಸ್ವಲ್ಪ ಎತ್ತಿ ಇಳಿಸುತ್ತಿದೆ.

ನನಗೆ ಸಿಕ್ಕಿದ್ದು ಮೂರು ಕಾಯಿಲೆ ಒಟ್ಟಿಗೆ. ಹರಿದ ಗುರುತು ಜಾಸ್ತಿ, ಅದರ ಮೇಲೆ ಫೀಡ್ ಗೆರೆ, ಅದರ ಮೇಲೆ ತೆಳುವಾಗಿ ಈ ಪಟ್ಟೆ. ಚ್ಯಾಟರ್ ಇರಲಿಲ್ಲ.

ಪಟ್ಟೆಯನ್ನು ಮೊದಲು ಕಳೆದೆ. ಲೀಡ್ ಸ್ಕ್ರೂವಿನ ಬಲ ತುದಿಯ, ಅಂದರೆ ಟೇಲ್‌ಸ್ಟಾಕ್ ಕಡೆಯ ಬ್ರಾಕೆಟ್ ಬೋಲ್ಟ್‌ಗಳನ್ನು ಸಡಿಲಿಸಿ, ಕ್ಯಾರೇಜನ್ನು ಆ ಬ್ರಾಕೆಟ್ ಹತ್ತಿರಕ್ಕೆ ತಂದು, ಕ್ಯಾರೇಜನ್ನು ಸ್ಕ್ರೂಗೆ ಕಚ್ಚಿಸುವ ಹಾಫ್ ನಟ್ ಹಿಡಿಸಿದೆ. ಆಗ ಸ್ಕ್ರೂ ತಾನು ಎಲ್ಲಿ ಕೂರಬೇಕೋ ಅಲ್ಲಿ ಕೂರುತ್ತದೆ. ಅದೇ ಸ್ಥಿತಿಯಲ್ಲಿ ಬೋಲ್ಟ್ ಬಿಗಿ ಮಾಡಬೇಕು. ಥ್ರೆಡ್ ಸಂದಿಯಲ್ಲಿ ಕೂತಿದ್ದ ಹಳೆಯ ಚಿಪ್ಸ್ ಎಲ್ಲ ಬ್ರಶ್‌ನಿಂದ ಉಜ್ಜಿ ತೆಗೆದು ಎಣ್ಣೆ ಬಿಟ್ಟೆ. ಪಟ್ಟೆ ಮಾಯ.

ಹಾಗೇ ಸ್ಲೈಡ್‌ಗಳ ಸಡಿಲ ಕಳೆಯುವ ಪಟ್ಟಿಗಳಾದ ಗಿಬ್‌ಗಳನ್ನೂ ನೋಡಿದೆ. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್, ಅದರ ಮೇಲಿರುವ ಕಾಂಪೌಂಡ್ ಸ್ಲೈಡ್ ಎರಡರಲ್ಲೂ ಲಾಕ್ ನಟ್ ಬಿಟ್ಟು, ಗಿಬ್ ಸ್ಕ್ರೂಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಹೋದರೆ ಹಿಡಿ ತಿರುಗಿಸುವಾಗ ಎಲ್ಲ ಕಡೆ ಒಂದೇ ಸಮನಾದ ಎಳೆತ ಸಿಗುತ್ತದೆ. ಅಲ್ಲಿಗೆ ಸಾಕು. ಸುಮ್ನೆ ಜಾಸ್ತಿ ಬಿಗಿದರೆ ಸ್ಲೈಡ್ ತಡೆದು ತಡೆದು ಚಲಿಸಿ ಅದೇ ಹೊಸ ಗುರುತಾಗುತ್ತದೆ. ಈ ಕೆಲಸಕ್ಕೆ ಕಾಂಪೌಂಡ್ ಬೇಕಾಗಿರಲಿಲ್ಲ. ಅದರ ಒಂದು ಗಿಬ್ ಸ್ಕ್ರೂವನ್ನು ಪೂರ್ತಿ ಬಿಗಿದು ಅದನ್ನು ಅಲುಗಾಡದಂತೆ ಮಾಡಿಬಿಟ್ಟೆ. ಚಲಿಸಬೇಕಾಗಿಲ್ಲದ ಸ್ಲೈಡ್ ಲಾಕ್ ಆಗಿರಬೇಕು.

ಸ್ಪಿಂಡಲ್ ಬೇರಿಂಗ್ ಬಗ್ಗೆಯೂ ಅನುಮಾನ ಇತ್ತು. ಈ ಜಾತಿಯ ಲೇತ್‌ಗಳಲ್ಲಿ ಸಾಮಾನ್ಯವಾಗಿ 6206 ಬಾಲ್ ಬೇರಿಂಗ್ ಇರುತ್ತದೆ. ಅದನ್ನು ತೆಗೆದು 30206 ಟೇಪರ್ ರೋಲರ್ ಹಾಕಿಕೊಳ್ಳುವವರು ಇದ್ದಾರೆ. ಡಯಲ್ ಗೇಜ್ ಇಟ್ಟು, ಮರದ ಪಟ್ಟಿಯಿಂದ, ಜಾಬ್ ಹಿಡಿಯುವ ಚಕ್ ಅನ್ನು ಮೇಲಕ್ಕೆ ಮೀಟಿ ನೋಡಿದೆ. ಮುಳ್ಳು ಒಂದು ಗೆರೆ, ಅಂದರೆ 0.01 ಮಿ.ಮೀ. ಆಸುಪಾಸು ಅಲುಗಿ ವಾಪಸ್ ಬಂತು. ಇದಕ್ಕೆ ಬೇರಿಂಗ್ ಬಿಚ್ಚುವ ಅಗತ್ಯ ಇಲ್ಲ.

ಟೂಲ್

ಈಗ ಮುಖ್ಯವಾದದ್ದು. ಅಲ್ಯೂಮಿನಿಯಂ ಕಡಿಯುವಾಗ ಟೂಲ್ ತುದಿಯಲ್ಲಿ ಒತ್ತಡ, ಬಿಸಿ ಎರಡೂ ಇರುತ್ತವೆ. ಅಲ್ಲಿ ಲೋಹದ ಒಂದು ತುಣುಕು ತುದಿಗೆ ಬೆಸೆದುಕೊಳ್ಳುತ್ತದೆ. ಎಣ್ಣೆ ಸವರದ ಕಾವಲಿಗೆ ದೋಸೆ ಹಿಡಿದ ಹಾಗೆ. ಆ ತುಣುಕಿನ ಮೇಲೆ ಇನ್ನೊಂದು ಪದರ ಕೂರುತ್ತದೆ. ಈಗ ಕಡಿಯುತ್ತಿರುವುದು ಟೂಲ್ ಅಲ್ಲ, ಆ ಮೊಂಡು ಗಡ್ಡೆ. ಅದು ಬೆಳೆದು, ಮುರಿದು, ಅರ್ಧ ಚಿಪ್ ಜೊತೆ ಹೋಗಿ, ಇನ್ನರ್ಧ ಜಾಬ್ ಮೈಗೇ ಮೆತ್ತಿಕೊಳ್ಳುತ್ತದೆ. ಕ್ಷಣ ಕ್ಷಣಕ್ಕೂ ಇದು ನಡೆಯುತ್ತಲೇ ಇರುತ್ತದೆ. ನಾನು ಭೂತಗನ್ನಡಿಯಲ್ಲಿ ಕಂಡ ಹೊಪ್ಪಳೆ ಇದೇ.

ನಮ್ಮ ಬಡಾವಣೆಯಲ್ಲಿ ಎಚ್‌ಎಂಟಿಯಲ್ಲಿ ಟರ್ನರ್ ಆಗಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರಿಗೆ ಆ ವಿಡಿಯಾ ಟೂಲ್ ತೋರಿಸಿದೆ. ಅದರ ತುದಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಓರೆಯಾಗಿ ಇಟ್ಟು ಮೆಲ್ಲಗೆ ತಳ್ಳಿದರು. ಜಾರಿತು. "ಹೊಸದೇ ಇರಬಹುದು ಕಣಪ್ಪ, ಹರಿತ ಇಲ್ಲ. ಉಗುರು ಕಚ್ಚಬೇಕು" ಅಂದರು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಸಾಣೆ ಹಿಡಿದು, ಆಯಿಲ್ ಸ್ಟೋನ್ ಮೇಲೆ ಉಜ್ಜಿ ತರಲು ಹೇಳಿದರು.

ಉಕ್ಕಿಗಾಗಿ ಮಾಡಿದ ಕಾರ್ಬೈಡ್ ಟಿಪ್‌ಗಳ ಅಂಚನ್ನು ಮುರಿಯದಿರಲಿ ಅಂತ ಬೇಕೆಂದೇ ಸ್ವಲ್ಪ ದುಂಡಾಗಿಸಿರುತ್ತಾರೆ. ಮೇಲೆ ಕೋಟಿಂಗ್ ಬೇರೆ ಇರುತ್ತದೆ. ಕೆಲವು ಕೋಟಿಂಗ್‌ಗಳಲ್ಲಿ ಅಲ್ಯೂಮಿನಿಯಂ ಅಂಶವೇ ಇರುತ್ತದೆ, ಅಂಟುವುದಕ್ಕೆ ಇನ್ನಷ್ಟು ಅನುಕೂಲ. ಕಾರ್ಬೈಡೇ ಬೇಕು ಅನ್ನುವವರು ಸಿಸಿಜಿಟಿ 060204 ಅನ್ನುವ ಇನ್ಸರ್ಟ್ (ಹೋಲ್ಡರಿಗೆ ಸ್ಕ್ರೂ ಹಾಕಿ ಕೂರಿಸುವ ಸಣ್ಣ ಬಿಲ್ಲೆ) ಕೇಳಬೇಕು. ಮೂರನೇ ಅಕ್ಷರ "ಜಿ" ಇದ್ದರೆ ಅಂಚನ್ನು ಗ್ರೈಂಡ್ ಮಾಡಿದ್ದಾರೆ ಅಂತ. ಸಾಮಾನ್ಯವಾಗಿ ಅಂಗಡಿಯಲ್ಲಿ ಕೊಡುವ ಸಿಸಿಎಂಟಿ ಅಚ್ಚಿನಲ್ಲಿ ಒತ್ತಿ ಸುಟ್ಟದ್ದು. ಕೊನೆಯ 04 ಅಂದರೆ ನೋಸ್ ರೇಡಿಯಸ್, ಅಂದರೆ ಟೂಲ್ ಮೂಗಿನ ದುಂಡು, 0.4 ಮಿ.ಮೀ. ಅಲ್ಯೂಮಿನಿಯಂಗೆ ಬರುವ ಇನ್ಸರ್ಟ್‌ಗೆ ಕೋಟಿಂಗ್ ಇರುವುದಿಲ್ಲ, ಮೇಲ್ಮೈ ಪಾಲಿಶ್ ಮಾಡಿರುತ್ತಾರೆ. ನೋಡಿದರೆ ಕನ್ನಡಿ ಥರ ಹೊಳೆಯುತ್ತದೆ, ಗುರುತು ಹಿಡಿಯಲು ಅದೇ ಸಾಕು.

ನಾನು ಎರಡನ್ನೂ ಬಳಸಿದೆ. ಮೊದಲು ಒರಟಾಗಿ ಇಳಿಸುವ ರಫಿಂಗ್‌ಗೆ ಇನ್ಸರ್ಟ್, ಕೊನೆಯ ಫಿನಿಶಿಂಗ್‌ಗೆ ಎಚ್‌ಎಸ್‌ಎಸ್. ಕಾರಣ ಮುಂದೆ ಹೇಳುತ್ತೇನೆ.

10 ಮಿ.ಮೀ. ಎಚ್‌ಎಸ್‌ಎಸ್ ಬಿಟ್ ಅನ್ನು ಬೆಂಚ್ ಗ್ರೈಂಡರಿನಲ್ಲಿ ಹೀಗೆ ತೆಗೆದೆ: ಮುಂದೆ ಮತ್ತು ಪಕ್ಕದಲ್ಲಿ ಅಂಚಿನ ಕೆಳಭಾಗ ಜಾಬಿಗೆ ಉಜ್ಜದಂತೆ 10 ಡಿಗ್ರಿ ಕ್ಲಿಯರೆನ್ಸ್, ಮೇಲ್ಮೈಯಲ್ಲಿ 20 ಡಿಗ್ರಿ ಇಳಿಜಾರು, ತುದಿಯಲ್ಲಿ ಸುಮಾರು 1 ಮಿ.ಮೀ. ರೇಡಿಯಸ್. ಉಕ್ಕಿಗೆ ಇಷ್ಟು ಇಳಿಜಾರು ಕೊಟ್ಟರೆ ಅಂಚು ಬೇಗ ಹೋಗುತ್ತದೆ. ಅಲ್ಯೂಮಿನಿಯಂಗೆ ಇದು ಬೇಕು. ಇಳಿಜಾರು ಹೆಚ್ಚಿದಷ್ಟೂ ಚಿಪ್ ಸುಲಭವಾಗಿ ಜಾರಿ ಹೋಗುತ್ತದೆ. ಗ್ರೈಂಡರ್ ಬಿಟ್ಟ ಗೀರುಗಳಲ್ಲಿ ಲೋಹ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಆಯಿಲ್ ಸ್ಟೋನ್ ಕೆಲಸವನ್ನು ಬಿಡಬಾರದು. 1000 ಗ್ರಿಟ್ ಕಲ್ಲಿನ ಮೇಲೆ ಎಣ್ಣೆ ಹಾಕಿ ಮೇಲ್ಮೈ, ಎರಡು ಪಕ್ಕ, ಕೊನೆಗೆ ಮೂಗನ್ನು ಸುತ್ತಾಡಿಸಿ ಉಜ್ಜಿದೆ. ಗ್ರೈಂಡಿಂಗ್ ಗೀರು ಒಂದೂ ಕಾಣದ ತನಕ. ಉಗುರಿಗೆ ಇಟ್ಟರೆ ಅಲ್ಲೇ ಕಚ್ಚಿ ನಿಂತಿತು.

ಒಂದು ಎಚ್ಚರಿಕೆ. ಬೆಂಚ್ ಗ್ರೈಂಡರಿನ ಕಲ್ಲಿಗೆ ಅಲ್ಯೂಮಿನಿಯಂ ಜಾಬ್ ತಾಗಿಸಲೇಬೇಡಿ. ಕಲ್ಲಿನ ಸಂದಿಯಲ್ಲಿ ಲೋಹ ತುಂಬಿಕೊಂಡು, ಕಲ್ಲು ಬಿಸಿಯಾಗಿ ಒಡೆದು ಹಾರುವ ಅಪಾಯ ಇದೆ.

ಫೀಡ್ ಲೆಕ್ಕ

ದುಂಡು ಮೂಗಿನ ಟೂಲ್ ಬಿಡುವ ಗೀರಿನ ಆಳಕ್ಕೆ ಒಂದು ಸರಳ ಲೆಕ್ಕ ಇದೆ. ಒಂದು ಸುತ್ತಿಗೆ ಎಷ್ಟು ಫೀಡ್ ಅನ್ನೋದನ್ನು ಅದರಿಂದಲೇ ಗುಣಿಸಿ, ನೋಸ್ ರೇಡಿಯಸ್‌ನ ಎಂಟರಷ್ಟರಿಂದ ಭಾಗಿಸಬೇಕು. ಫೀಡ್ ಅರ್ಧಕ್ಕೆ ಇಳಿಸಿದರೆ ಗೀರು ಕಾಲು ಭಾಗಕ್ಕೆ ಇಳಿಯುತ್ತದೆ. ರೇಡಿಯಸ್ ಎರಡರಷ್ಟು ಮಾಡಿದರೆ ಅರ್ಧಕ್ಕೆ.

ನನ್ನ ಲೇತಿನಲ್ಲಿ ಫೀಡ್ ಇಳಿಸಲು ಒಂದು ಮಿತಿ ಇದೆ. 20-80, 20-80 ಗಿಯರ್ ಜೋಡಿಸಿದಾಗ 1.5 ಮಿ.ಮೀ. ಪಿಚ್ ಹದಿನಾರನೇ ಒಂದು ಭಾಗಕ್ಕೆ ಇಳಿದು ಸುತ್ತಿಗೆ 0.094 ಮಿ.ಮೀ. ಆಗುತ್ತದೆ. ಜೊತೆಗೆ ಬಂದ ಗಿಯರ್‌ಗಳಲ್ಲಿ ಇದಕ್ಕಿಂತ ನಿಧಾನ ಬರುವುದಿಲ್ಲ. ಈ ಫೀಡಿಗೆ 0.4 ರೇಡಿಯಸ್‌ನ ಇನ್ಸರ್ಟ್ ಹಾಕಿದರೆ ಗೀರಿನ ಆಳ ಸುಮಾರು 2.8 ಮೈಕ್ರಾನ್. ಬೆಳಕಿಗೆ ಹಿಡಿದರೆ ಗೆರೆ ಕಾಣುತ್ತದೆ. 1 ಮಿ.ಮೀ. ಮೂಗಿನ ಎಚ್‌ಎಸ್‌ಎಸ್ ಹಾಕಿದರೆ 1.1 ಮೈಕ್ರಾನ್. ಫಿನಿಶಿಂಗ್‌ಗೆ ಎಚ್‌ಎಸ್‌ಎಸ್ ಆರಿಸಿದ್ದು ಇದಕ್ಕೇ. ಫೀಡ್ ಇಳಿಸಲು ಆಗದ ಮೆಷಿನ್‌ನಲ್ಲಿ ಮೂಗು ದಪ್ಪ ಮಾಡುವುದೇ ದಾರಿ.

ಹಾಗಂತ 3 ಮಿ.ಮೀ. ಮೂಗು ಕೊಡಬಹುದಾ? ದೊಡ್ಡ ಲೇತಿನಲ್ಲಿ ಆಗಬಹುದು. ಇಲ್ಲಿ ಅಷ್ಟು ಅಗಲ ಒಮ್ಮೆಗೇ ತಾಗಿದರೆ ಟೂಲ್ ಜಾಬನ್ನು ತಳ್ಳಿ ಅದುರು ಶುರುವಾಗುತ್ತದೆ. ಚಕ್‌ನಿಂದ 40 ಮಿ.ಮೀ.ಗಿಂತ ಹೆಚ್ಚು ಹೊರಗೆ ಬಾರದ ಈ ದಪ್ಪದ ಜಾಬ್‌ಗೆ 1 ಮಿ.ಮೀ. ನಿರಾಳವಾಗಿ ನಡೆಯಿತು. ಜಾಬ್ ಸಪೂರ ಆದಷ್ಟೂ ಮೂಗೂ ಸಣ್ಣದಾಗಬೇಕು. ಟೂಲ್ ಬಿಟ್ ಕೂಡ ಟೂಲ್ ಪೋಸ್ಟ್‌ನಿಂದ ಆದಷ್ಟು ಕಡಿಮೆ ಹೊರಗಿರಲಿ.

ಸೀಮೆಎಣ್ಣೆ

ಅಲ್ಯೂಮಿನಿಯಂ ಮತ್ತು ಸೀಮೆಎಣ್ಣೆಯದು ಹಳೆಯ ನಂಟು. ತೆಳುವಾದ ಎಣ್ಣೆ ಟೂಲ್ ತುದಿಯ ತನಕ ಇಳಿದು ಅಂಟುವುದನ್ನು ತಡೆಯುತ್ತದೆ. ಈಗ ಸೀಮೆಎಣ್ಣೆ ಸುಲಭಕ್ಕೆ ಸಿಗುವುದಿಲ್ಲ. ಡಬ್ಲ್ಯೂಡಿ-40 ಕೂಡ ಹೆಚ್ಚುಕಮ್ಮಿ ಅದೇ ಕೆಲಸ ಮಾಡುತ್ತದೆ. ನೀರಿನಲ್ಲಿ ಬೆರೆಸುವ ಹಾಲಿನಂಥ ಕಟಿಂಗ್ ಆಯಿಲ್ ತಂಪು ಚೆನ್ನಾಗಿ ಮಾಡುತ್ತದೆ, ಆದರೆ ಸಣ್ಣ ಲೇತ್‌ನ ಬೆಡ್ ಒರೆಸಿ ಎಣ್ಣೆ ಹಚ್ಚದಿದ್ದರೆ ತುಕ್ಕು ಹಿಡಿಯುತ್ತದೆ.

ನನ್ನ ಹತ್ತಿರ ಇದ್ದ ಸೀಮೆಎಣ್ಣೆಗೆ ಸ್ವಲ್ಪ ಮೆಷಿನ್ ಆಯಿಲ್ ಬೆರೆಸಿ, ಮೂತಿ ಸಣ್ಣಗಿರುವ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಕೊಂಡೆ. ಟೂಲ್ ತಾಗುವ ಜಾಗಕ್ಕೆ ಸ್ವಲ್ಪ ಮುಂಚೆ ಹನಿ ಹನಿ ಬೀಳುತ್ತಿರಬೇಕು. ಒಮ್ಮೆ ಸುರಿದು ಬಿಟ್ಟರೆ ಕಟ್ ಮಧ್ಯದಲ್ಲಿ ಒಣಗುತ್ತದೆ, ಒಣಗಿದ ಜಾಗದಿಂದ ಮೈ ಮಂಕಾಗುತ್ತದೆ. ಬೆಂಕಿಯ ವಿಷಯ ಹೇಳಬೇಕಾಗಿಲ್ಲ. ಕಿಟಕಿ ತೆರೆದಿರಲಿ, ಎಣ್ಣೆ ಬಟ್ಟೆ ಮೋಟಾರ್ ಹತ್ತಿರ ಇರದಿರಲಿ, ಗ್ರೈಂಡರ್ ಕಿಡಿ ಆ ಕಡೆ ಹಾರದಿರಲಿ.

ನಾಬ್

ಹೊರಮೈ ಮತ್ತು ಒಳತೂತು ಒಂದೇ ಹಿಡಿತದಲ್ಲಿ ಆಗಬೇಕು, ಇಲ್ಲದಿದ್ದರೆ ನಾಬ್ ತಿರುಗುವಾಗ ಓಲಾಡುತ್ತದೆ. ಆದ್ದರಿಂದ ನಾಬ್‌ನ ಹಿಂಭಾಗವನ್ನು ಹೊರಗೆ ಮಾಡಿ ಹಿಡಿದೆ. ಫೇಸಿಂಗ್ (ತುದಿಯ ಮುಖ ಸಮ ಮಾಡುವುದು), ಸೆಂಟರ್ ಡ್ರಿಲ್, ನಂತರ 5.8 ಮಿ.ಮೀ. ಡ್ರಿಲ್ 15 ಮಿ.ಮೀ. ಆಳಕ್ಕೆ, ಆಮೇಲೆ ತೂತನ್ನು ನಿಖರ ಅಳತೆಗೆ ತರುವ 6 ಮಿ.ಮೀ. ಎಚ್7 ರೀಮರ್ 200 ಆರ್‌ಪಿಎಂನಲ್ಲಿ, ಸೀಮೆಎಣ್ಣೆ ಧಾರಾಳವಾಗಿ.

ಹೊರಮೈಯನ್ನು ಇನ್ಸರ್ಟ್‌ನಿಂದ 38.4ಕ್ಕೆ ಇಳಿಸಿ, ಎಚ್‌ಎಸ್‌ಎಸ್ ಕಟ್ಟಿದೆ. ವೇಗ 1500 ಆರ್‌ಪಿಎಂ. ಈ ವ್ಯಾಸಕ್ಕೆ ಅದು ನಿಮಿಷಕ್ಕೆ ಸುಮಾರು 180 ಮೀಟರ್. ಉಕ್ಕಿನ ಮೇಲೆ ಈ ವೇಗಕ್ಕೆ ಎಚ್‌ಎಸ್‌ಎಸ್ ಸುಟ್ಟುಹೋಗುತ್ತದೆ. ಅಲ್ಯೂಮಿನಿಯಂ ಮೇಲೆ ತೆಳು ಕಟ್‌ಗೆ ತಾಳುತ್ತದೆ. ವೇಗ ಹೆಚ್ಚಾದರೆ ಲೋಹ ಅಂಟುವುದೂ ಕಡಿಮೆ. ಮೊದಲ ಪಾಸ್ 0.15 ಆಳ, 38.1 ಬಂತು. ಮೈಕ್ರೋಮೀಟರ್ ಹಿಡಿದು ನೋಡಿ, ಎರಡನೇ ಪಾಸ್ 0.05 ಆಳ. ಚಿಪ್ ಕೂದಲಿನ ಎಳೆಯಾಗಿ ಹೊರಬಂತು. ಸದ್ದು ಏನೂ ಇಲ್ಲ, ಸಣ್ಣ ಸುಯ್ಯೆನ್ನುವ ಶಬ್ದ ಅಷ್ಟೇ.

ಈ ಕೂದಲು ಚಿಪ್ ಜಾಬಿಗೆ ಸುತ್ತಿಕೊಂಡರೆ ಹೊಸ ಮೈಯನ್ನೇ ಗೀರುತ್ತದೆ. ಉದ್ದ ಹಿಡಿಯ ಕೊಕ್ಕೆಯಿಂದ ಎಳೆದು ತೆಗೆಯಬೇಕು. ಕೈ ಬೇಡ, ಗ್ಲೌಸ್ ಅಂತೂ ಬೇಡವೇ ಬೇಡ. ಪಾಸ್ ಮುಗಿದ ಕೂಡಲೇ ಟೂಲ್ ಅನ್ನು ಮೊದಲು ಹಿಂದಕ್ಕೆ ಎಳೆದು, ಆಮೇಲೆ ಕ್ಯಾರೇಜ್ ವಾಪಸ್ ತರಬೇಕು. ತಾಗಿಸಿಕೊಂಡೇ ತಂದರೆ ಮೈ ಪೂರ್ತಿ ಒಂದು ಸುರುಳಿ ಗೀರು ಬೀಳುತ್ತದೆ.

ಟಾರ್ಚ್ ಹಿಡಿದೆ. ಹರಿದ ಗುರುತು ಇಲ್ಲ, ಪಟ್ಟೆ ಇಲ್ಲ. ಉಗುರು ಎಳೆದರೆ ಏನೂ ಸಿಗುವುದಿಲ್ಲ. ಚಕ್ ಜಾ ನೆರಳು ಮೈಯಲ್ಲಿ ಕಂಡಿತು. ಅದೇ ಹಿಡಿತದಲ್ಲಿ ಹಿಂದಿನ ಅಂಚಿಗೆ 0.5 ಮಿ.ಮೀ. ಚ್ಯಾಂಫರ್ (ಓರೆ ಅಂಚು) ಕೊಟ್ಟು, ವೇಗ ಇಳಿಸಿ, ಕ್ಯಾರೇಜ್ ಲಾಕ್ ಮಾಡಿ, ಪಾರ್ಟಿಂಗ್ ಬ್ಲೇಡಿನಿಂದ ಕತ್ತರಿಸಿದೆ.

ಮುಂದಿನ ಮುಖವೇ ಕಷ್ಟದ ಭಾಗ. ಮೊದಲು ಹಿಡಿಯುವುದು ಹೇಗೆ? ಚಕ್ ಜಾ ನೇರ ಹಿಡಿದರೆ ಗುರುತು ಬೀಳುತ್ತದೆ. ಒಂದು ಅಲ್ಯೂಮಿನಿಯಂ ತುಂಡನ್ನು ಉಂಗುರ ಮಾಡಿ, ಒಳಗೆ ಸರಿಯಾಗಿ 38 ಮಿ.ಮೀ. ಬೋರ್ ಮಾಡಿ, ಹ್ಯಾಕ್ಸಾದಿಂದ ಒಂದು ಕಡೆ ಸೀಳಿದೆ. ಸೀಳಿನ ಬರ್ ತೆಗೆದು ನಾಬ್ ಒಳಗಿಟ್ಟು ಚಕ್ ಬಿಗಿದರೆ ಉಂಗುರ ಸುತ್ತಲೂ ಸಮನಾಗಿ ಹಿಡಿಯುತ್ತದೆ.

ಇನ್ನು ವೇಗ. 1500 ಆರ್‌ಪಿಎಂನಲ್ಲಿ ಹೊರ ಅಂಚಿನಲ್ಲಿ 180 ಮೀಟರ್ ಇದ್ದದ್ದು, 4 ಮಿ.ಮೀ. ವ್ಯಾಸಕ್ಕೆ ಬರುವಾಗ 19 ಮೀಟರ್. ನಡುವಿನಲ್ಲಿ ಸೊನ್ನೆ. ಅದಕ್ಕೇ ಎಷ್ಟೋ ನಾಬ್‌ಗಳಲ್ಲಿ ಹೊರಗೆ ಹೊಳಪು, ನಡುವೆ ಮಂಕು ಚುಕ್ಕೆ ಇರುತ್ತದೆ. ಒಳಗೆ ಹೋಗುತ್ತಾ ಮೋಟಾರ್ ವೇಗ ಹೆಚ್ಚಿಸುತ್ತಾ 2200ಕ್ಕೆ ತಂದೆ. ಅದು ಸ್ವಲ್ಪ ಸಹಾಯ ಮಾಡುತ್ತದೆ, ಪೂರ್ತಿ ಅಲ್ಲ. ಉಳಿದದ್ದು ಟೂಲ್ ಹರಿತ ಮತ್ತು ಸೀಮೆಎಣ್ಣೆಯ ಮೇಲೆ.

ಟೂಲ್ ಎತ್ತರ ಇಲ್ಲಿ ತುಂಬಾ ಮುಖ್ಯ. ದುಂಡು ಜಾಬ್ ಮತ್ತು ಟೂಲ್ ತುದಿಯ ಮಧ್ಯೆ ತೆಳು ಸ್ಟೀಲ್ ಸ್ಕೇಲನ್ನು ಮೆಲ್ಲಗೆ ಸಿಕ್ಕಿಸಿ. ಸ್ಕೇಲ್ ನೆಟ್ಟಗೆ ನಿಂತರೆ ಎತ್ತರ ಸರಿ. ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ, ಆ ಕಡೆ ವಾಲಿದರೆ ಮೇಲಿದೆ. ಕೊನೆಯ ಪರೀಕ್ಷೆ ಫೇಸಿಂಗ್‌ನಲ್ಲೇ ಆಗುತ್ತದೆ: ನಡುವಿನಲ್ಲಿ ಸಣ್ಣ ಮೊಟ್ಟು ಉಳಿಯಬಾರದು.

ಈ ಲೇತ್‌ನಲ್ಲಿ ಕ್ರಾಸ್ ಸ್ಲೈಡ್‌ಗೆ ಆಟೋ ಫೀಡ್ ಇಲ್ಲ. ಹಿಡಿಯನ್ನು ಎರಡೂ ಕೈಯಿಂದ, ಒಂದು ಬಿಡುವ ಮೊದಲು ಇನ್ನೊಂದು ಹಿಡಿದು, ಎಲ್ಲೂ ನಿಲ್ಲಿಸದೆ ತಿರುಗಿಸಬೇಕು. ಅರೆಕ್ಷಣ ನಿಂತರೂ ಅಲ್ಲೊಂದು ಉಂಗುರದ ಗುರುತು ಬೀಳುತ್ತದೆ. ಕ್ಯಾರೇಜ್ ಲಾಕ್ ಆಗಿರಲೇಬೇಕು. ಕೊನೆಯ ಪಾಸ್ 0.05 ಆಳದಲ್ಲಿ, ನಡುವಿನಿಂದ ಹೊರಕ್ಕೆ. ಹೊರಗಿನಿಂದ ಒಳಕ್ಕೆ ಹೋದರೆ ನಡುವಿಗೆ ಬರುವ ಹೊತ್ತಿಗೆ ಟೂಲ್ ತುದಿಗೆ ಏನಾದರೂ ಮೆತ್ತಿರುವ ಸಾಧ್ಯತೆ ಇದೆ. ನಡುವಿನಿಂದ ಹೊರಟರೆ ಕಷ್ಟದ ಜಾಗವನ್ನು ಸ್ವಚ್ಛ ಅಂಚು ಕಡಿಯುತ್ತದೆ. ಪಾಸ್‌ಗೆ ಮುಂಚೆ ಟೂಲ್ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಕಲ್ಲಿನಿಂದ ಎರಡು ಸಲ ಸವರಿಕೊಂಡೆ. ಮುಖ ಬೆಳಕಿಗೆ ಹಿಡಿದಾಗ ನಡುವಿನ ತನಕ ಒಂದೇ ಹೊಳಪು, ತಿರುಗಿಸಿದರೆ ಬಣ್ಣದ ಕಿರಣ ಓಡಾಡುತ್ತದೆ. ಗೀರುಗಳು ಸಣ್ಣ, ಸಮ ಅಂತರದಲ್ಲಿದ್ದರೆ ಮಾತ್ರ ಹಾಗೆ ಕಾಣುವುದು.

ಮುಂದಿನ ಅಂಚಿಗೂ ಚ್ಯಾಂಫರ್ ಕೊಟ್ಟೆ. ಗ್ರಬ್ ಸ್ಕ್ರೂಗೆ ವಿ-ಬ್ಲಾಕ್‌ನಲ್ಲಿ ದಪ್ಪ ಕಾಗದ ಹಾಸಿ ನಾಬ್ ಇಟ್ಟು 3.3 ಮಿ.ಮೀ. ಡ್ರಿಲ್, ಎಂ4 ಟ್ಯಾಪ್.

ಅನೋಡೈಸಿಂಗ್‌ಗೆ ಕೊಡುವಾಗ ಮೂರು ವಿಷಯ ಬಾಯಿಬಿಟ್ಟು ಹೇಳಬೇಕು. ಮೊದಲನೆಯದು, ಕಾಸ್ಟಿಕ್ ಸೋಡಾದಲ್ಲಿ ಹೆಚ್ಚು ಹೊತ್ತು ಅದ್ದಬೇಡಿ ಅಂತ. ಅದ್ದಿದರೆ ಮೈ ಮ್ಯಾಟ್ ಆಗಿ ಇಷ್ಟೆಲ್ಲ ಕೆಲಸ ನೀರುಪಾಲು. ಎರಡನೆಯದು, ತಂತಿ ಅಥವಾ ಕ್ಲಿಪ್ ಹಿಡಿತ 6 ಮಿ.ಮೀ. ತೂತಿನ ಒಳಗೇ ಇರಲಿ ಅಂತ. ಹಿಡಿತ ತಾಗಿದ ಜಾಗದಲ್ಲಿ ಪದರ ಬೆಳೆಯುವುದಿಲ್ಲ, ಹೊರಗೆ ಹಿಡಿದರೆ ಆ ಚುಕ್ಕೆ ಕಾಯಂ. ಮೂರನೆಯದು ಥ್ರೆಡ್. ಪದರದ ಒಂದು ಭಾಗ ಹೊರಕ್ಕೆ ಬೆಳೆಯುವುದರಿಂದ ಎಂ4 ಬಿಗಿಯಾಗಬಹುದು. ಅದಕ್ಕೆ ರಬ್ಬರ್ ಬಿರಡೆ ಹಾಕಿ ಕೊಟ್ಟೆ.